ಮಂಗಳನ ನೀರುಗಂಟಿ

ಮಳವಳ್ಳಿ
24-7-1939

ಮುದ್ದಯ್ಯನಿಗೆ ಜಹಾಂಗೀರನ ಸಲಾಮು.

ನಿನಗೆ ಶಿಕ್ಷೆಯಾಗಿ ಏಳು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ತಡವಾಯಿತೆಂದು ಬೈಯುವುದಿದ್ದರೆ ಬೈದುಬಿಡು, ನಿನ್ನ ಬಾಯಿಂದ ಬೈಸಿಕೊಂಡು ಬಹಳ ದಿನವಾಯಿತು. ಒಂದೇ ಬೆಂಚಿನಲ್ಲಿ ಕೂತು ಲೋಯರ್ ಸೆಕೆಂಡರಿ ಮುಗಿಸಿದವರಲ್ಲಿ ಒಬ್ಬ ಕೊಲೆ ಮಾಡಿ ಜೈಲಿನಲ್ಲಿದ್ದಾನೆ, ಇನ್ನೊಬ್ಬ ಪೇಟೆಬೀದಿಯಲ್ಲಿ ಗಡಿಯಾರ ಬಿಚ್ಚಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದಾನೆ. ಇಬ್ಬರಲ್ಲಿ ಯಾರು ಮೊದಲು ಬರೆಯಬೇಕೆಂದು ಯಾವ ಮೇಷ್ಟರೂ ನಮಗೆ ಹೇಳಿಕೊಟ್ಟಿರಲಿಲ್ಲ.

ನಿಮ್ಮ ಮನೆಯವರು ಚೆನ್ನಾಗಿದ್ದಾರೆ. ನಿನ್ನ ತಮ್ಮ ತಿಮ್ಮಯ್ಯನೇ ಈಗ ಗದ್ದೆ ನೋಡಿಕೊಳ್ಳುತ್ತಾನೆ. ಹೊನ್ನಕಟ್ಟೆ ಕೆರೆಗೆ ಮುಂಗಾರಿನ ನೀರು ಮೊಣಕಾಲುದ್ದ ಬಂದಿದೆ. ನಿಂಗಯ್ಯನ ಹೆಂಡತಿ ಮಂಚಮ್ಮ ಬದುಕಿದ್ದಾಳೆ. ಅವಳ ಬಗ್ಗೆ ಇವತ್ತು ಇಷ್ಟೇ.

ನಿನಗೆ ಒಂದು ತಮಾಷೆ ಹೇಳಬೇಕು. ನಾಲೆಯ ಸರ್ವೇ ಕೆಲಸ ಮುಗಿದ ಮೇಲೆ ಮಂಡ್ಯದಲ್ಲಿ ಹರಾಜಿಗೆ ಬಂದ ಸಾಮಾನಿನಲ್ಲಿ ಒಂದು ಮುರುಕಲು ದುರ್ಬೀನು ಸಿಕ್ಕಿತು. ಗಾಜು ಒರೆಸಿ, ತಗಡಿನ ಕೊಳವೆ ಮಾಡಿ ಕೂರಿಸಿದ್ದೇನೆ. ಈ ತಿಂಗಳು ಮಂಗಳ ಗ್ರಹ ಭೂಮಿಗೆ ತೀರ ಹತ್ತಿರ ಬಂದಿದೆ. ದೀಪ ಹಚ್ಚುವ ಹೊತ್ತಿಗೆ ಆಗ್ನೇಯ ಮೂಲೆಯಲ್ಲಿ ಕೆಂಡದ ಚೂರಿನ ಹಾಗೆ ಕಾಣುತ್ತದೆ. ಮೋಡ ಸರಿದಾಗ ನೋಡಿದೆ. ಕೊತ್ತಂಬರಿ ಕಾಳಿನಷ್ಟು ದೊಡ್ಡದಾಯಿತು, ಅಷ್ಟೆ. ಆದರೆ ಮಂಡ್ಯದಲ್ಲಿ ನಡೆದ ಒಂದು ಸಭೆಯಲ್ಲಿ ವಿಜ್ಞಾನದ ಮೇಷ್ಟರೊಬ್ಬರು ಹೇಳಿದರು, ದೊಡ್ಡ ದುರ್ಬೀನಿನವರು ಅಲ್ಲಿ ನೇರವಾದ ಗೆರೆಗಳನ್ನು ಕಂಡಿದ್ದಾರಂತೆ. ಅವು ನಾಲೆಗಳು, ಯಾರೋ ತೋಡಿದವು ಎಂದು ಕೆಲವರು. ಕಣ್ಣಿನ ಭ್ರಮೆ ಎಂದು ಹಲವರು. ಆದರೆ ಎಲ್ಲರೂ ಮೊದಲು ಕೇಳುವುದು ಒಂದೇ ಮಾತು: ಅಲ್ಲಿ ನೀರಿದೆಯೇ? ಜನ ಇದ್ದಾರೆಯೇ, ಮರ ಇದೆಯೇ ಎಂದಲ್ಲ. ನೀರು ಇದ್ದರೆ ಮಾತ್ರ ಉಳಿದ ಪ್ರಶ್ನೆಗಳಂತೆ.

ನಿನ್ನ ಕೋಣೆಯ ಬಾಗಿಲು ಹಾಕುವ ಮುಂಚೆ ಸಾಧ್ಯವಾದರೆ ಒಂದು ಸಲ ಆ ಮೂಲೆಗೆ ನೋಡು. ಇಬ್ಬರೂ ಒಂದನ್ನೇ ನೋಡಿದ ಹಾಗಾಗುತ್ತದೆ.

ನಿನ್ನ
ಜಹಾಂಗೀರ್


ಜೈಲಿನಿಂದ
27-8-1939

ಲೋ ಜಹಾಂಗೀರ,

ಈ ಕಾಗದವನ್ನು ಜೈಲರು ಓದುತ್ತಾರೆ. ಅದಕ್ಕೇ ಒಳ್ಳೆಯ ಬೈಗುಳಗಳನ್ನೆಲ್ಲ ನುಂಗಿಕೊಂಡಿದ್ದೇನೆ. ಮಿಕ್ಕದ್ದನ್ನು ನೀನೇ ಊಹಿಸಿಕೋ.

ನಿನ್ನ ಮಂಗಳ ಕಂಡಿತು. ಕತ್ತೆತ್ತಿ ನಿಂತಿದ್ದೆ. ವಾರ್ಡರು ಬಂದು "ಏನ್ಲಾ, ಗೋಡೆ ಎಷ್ಟುದ್ದ ಅದೆ ಅಂತ ಅಳೀತಿದ್ದೀಯಾ?" ಎಂದು ದೊಣ್ಣೆಯಲ್ಲಿ ಮೊಣಕೈಗೆ ಬಿಟ್ಟ. ಗ್ರಹ ನೋಡುತ್ತಿದ್ದೆ ಎಂದೆ. ಗೇಲಿ ಮಾಡುತ್ತೀಯಾ ಎಂದು ಇನ್ನೊಂದು ಬಿಟ್ಟ. ಎಡಗೈ ಇನ್ನೂ ಮಡಿಸಲಾಗುವುದಿಲ್ಲ. ನಿನ್ನ ಗ್ರಹದ ಉಪಕಾರ.

ನಾಲೆಗಳಿವೆ ಎಂದು ಬರೆದೆಯಲ್ಲ, ನಿನ್ನ ಮೇಷ್ಟರಿಗೆ ಒಬ್ಬ ಗದ್ದೆಯವನ ಮಾತು ತಿಳಿಸು. ನಾಲೆ ಇದ್ದರೆ ತೂಬು ಇರಬೇಕು. ತೂಬು ಇದ್ದರೆ ಸರದಿ ನೋಡಿ ನೀರು ಬಿಡುವ ನೀರುಗಂಟಿ ಇರಬೇಕು. ನೀರುಗಂಟಿ ಇದ್ದ ಮೇಲೆ ಅವನೆದುರು ಗುದ್ದಲಿ ಹಿಡಿದು ನಿಂತ ಒಬ್ಬನಾದರೂ ಇರಲೇಬೇಕು. ಅದು ಯಾಕೆ ಕೆಂಪಗಿದೆ ಎಂದು ನಿನ್ನ ದುರ್ಬೀನು ಹೇಳದಿದ್ದರೆ ನಾನು ಹೇಳುತ್ತೇನೆ. ಅವರು ತೂಬಿನ ಮೇಲೆ ಕಡಿದಾಡಿಕೊಂಡು ಸತ್ತಿದ್ದಾರೆ.

ಕೋರ್ಟಿನಲ್ಲಿ ವಕೀಲರು ನನ್ನನ್ನು ಬಾಯಿ ಬಿಡಲು ಬಿಡಲಿಲ್ಲ. ನಿನಗಾದರೂ ಮೊದಲಿನಿಂದ ಹೇಳುತ್ತೇನೆ. ಹೋದ ವರ್ಷ ಬೇಸಿಗೆಯಲ್ಲಿ ಕೆರೆ ಬತ್ತುತ್ತಾ ಬಂದಿತ್ತು. ಗಳಿಗೆ ಬಟ್ಟಲಿನ ಮೇಲೆ ನೀರು. ಹಂಡೆಯ ನೀರಿನಲ್ಲಿ ಆ ತಾಮ್ರದ ಬಟ್ಟಲನ್ನು ತೇಲಿಬಿಡುವುದು, ತಳದ ಸಣ್ಣ ತೂತಿನಿಂದ ನೀರು ಏರಿ ಅದು ಮುಳುಗಿದರೆ ಒಂದು ಗಳಿಗೆ, ಲೆಕ್ಕಕ್ಕೆ ಒಂದು ಕಲ್ಲು. ಪ್ರತಿ ಗದ್ದೆಗೂ ಎಂಟು ಬಟ್ಟಲು. ನಮ್ಮ ತಾತನ ಕಾಲದಿಂದ ಎಂಟು ಬಟ್ಟಲಿಗೆ ನಮ್ಮ ಗದ್ದೆಯ ಕೊನೆಯ ಮಡಿ ತುಂಬುತ್ತಿತ್ತು. ನನ್ನ ಹಿಂದಿನ ಸರದಿಯ ಲಿಂಗಯ್ಯನಿಗೆ ತುಂಬಿತು, ಅವನ ಬದುವಿನ ಮೇಲೆ ನಾನೇ ನಿಂತು ನೋಡಿದೆ. ನನ್ನ ಸರದಿಗೆ ನೀರುಗಂಟಿ ನಿಂಗಯ್ಯ ಎಂಟು ಕಲ್ಲು ಎಣಿಸಿ ತೂಬು ಮುಚ್ಚಿದ. ನನ್ನ ಕೊನೆಯ ಮಡಿ ಬಿರುಕು ಬಿಟ್ಟುಕೊಂಡು ಹಾಗೇ ಇತ್ತು.

ಏರಿಗೆ ಓಡಿದೆ. "ಬಟ್ಟಲ ಮುಳುಗೋ ಮುಂಚೆನೇ ಎತ್ಬುಟ್ಟೆ ಅಲ್ವೇನ್ಲಾ ಕಳ್ಳ!" ಎಂದೆ. ಅವನು ಎದ್ದು ನಿಂತು ಏನೋ ಅಂದ. ನನಗೆ ಕೇಳಿಸಲಿಲ್ಲ. ಮೊದಲ ಏಟು ಹೆಗಲಿಗೆ ಬಿತ್ತು. ಎರಡನೆಯದು ಕಿವಿಯ ಹಿಂದೆ. ಗುದ್ದಲಿಯನ್ನು ಬಿಡಿಸಿಕೊಳ್ಳಲು ಅವನ ಎದೆಯ ಮೇಲೆ ಕಾಲಿಟ್ಟು ಎಳೆಯಬೇಕಾಯಿತು. ಅವನ ನೆತ್ತರು ಕಾಲುವೆಗೆ ಇಳಿಯಿತು. ಕಾಲುವೆಯಲ್ಲಿ ಉಳಿದ ನೀರು ನನ್ನ ಗದ್ದೆಗೇ ಹರಿಯುತ್ತಿತ್ತು. ಆಗಲೂ ಕೊನೆಯ ಮಡಿ ಮುಟ್ಟಲಿಲ್ಲ.

ನೀನು ಒಂದು ಕೆಲಸ ಮಾಡು. ನಿಂಗಯ್ಯ ನೀರು ಕದ್ದ ಎಂಬುದಕ್ಕೆ ಪುರಾವೆ ಹುಡುಕಿ ಬರೆ. ಯಾರ ಗದ್ದೆಗೆ ಬಿಟ್ಟ, ಏನಾದರೂ. ಕೊಲೆಗಾರನಾಗಿ ಇಲ್ಲಿ ಇರಬಲ್ಲೆ. ಸುಮ್ಮಸುಮ್ಮನೆ ಕೊಂದವನಾಗಿ ಇರಲಾರೆ.

ಮುದ್ದಯ್ಯ


ಮಳವಳ್ಳಿ
19-11-1939

ಮುದ್ದಯ್ಯ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನನ್ನ ಹೆಂಡತಿ ಕುಲ್ಸುಮ್ ಕೇಳಿದಳು, "ಯಾಕೆ ಹಂಗೆ ಬೆವರ್ತಾ ಇದ್ದೀರಾ, ಜ್ವರ ಏನಾದ್ರೂ ಬಂತಾ?" ಕಲಾಯಿ ಒಲೆಯ ಮುಂದೆ ಕೂತಿದ್ದೆ, ಬೆಂಕಿಯ ಕಾವು ಎಂದುಬಿಟ್ಟೆ.

ಮಂಚಮ್ಮನ ವಿಷಯ ಬರೆಯದೆ ಇರಲು ಆಗುವುದಿಲ್ಲ. ನಿನ್ನ ತಮ್ಮ ಊರಿಗೆಲ್ಲ ಹೇಳಿಬಿಟ್ಟಿದ್ದಾನೆ: ನಿಂಗಯ್ಯ ನೀರುಗಳ್ಳ, ಕಳ್ಳನ ಹೆಂಡತಿ ಕೆರೆ ನೀರು ಮುಟ್ಟಕೂಡದು. ಅವಳು ಏರಿಯಿಂದ ಕೊಡ ತುಂಬಿಕೊಂಡು ಬರುತ್ತಿದ್ದಾಗ ತಿಮ್ಮಯ್ಯ ಕಲ್ಲು ಬೀರಿದ. ಕೊಡ ಅವಳ ತಲೆಯ ಮೇಲೇ ಒಡೆಯಿತು. ಹಣೆಯಿಂದ ಕಣ್ಣಿನವರೆಗೆ ಸೀಳಿದೆ. ಮಾರನೆಯ ವಾರ ಅವಳ ಎರಡು ಬಂಡೂರು ಕುರಿಗಳ ಕತ್ತು ಕುಯ್ದು ಬಾಗಿಲ ಚಿಲಕಕ್ಕೆ ನೇತುಹಾಕಿದರು. ಅವಳು ಬಾಗಿಲು ತೆಗೆದಾಗ ಮುಖಕ್ಕೇ ತಾಗಿದವಂತೆ. ಈಗ ಕಿರುಗಾವಲಿನ ಹತ್ತಿರದ ಹಳ್ಳದಿಂದ ನೀರು ಹೊರುತ್ತಾಳೆ. ನಿಂಗಯ್ಯನ ನೀರುಗಂಟಿ ಕೆಲಸ ಬೇರೆಯವರಿಗೆ ಹೋಯಿತು.

ನೀನು ಕೇಳಿದ್ದನ್ನು ವಿಚಾರಿಸುತ್ತಿದ್ದೇನೆ.

ವಿಜ್ಞಾನಿಗಳು ನೀರನ್ನೇ ಯಾಕೆ ಹುಡುಕುತ್ತಾರೆ ಎಂದು ಮೇಷ್ಟರನ್ನು ಕೇಳಿದೆ. ಅವರು ಹೇಳಿದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಒಣ ಬೆಲ್ಲ, ಒಣ ಉಪ್ಪು, ಒಣ ಮಣ್ಣು ಮೂರನ್ನೂ ಒಂದು ತಟ್ಟೆಯಲ್ಲಿಟ್ಟು ನೂರು ವರ್ಷ ಬಿಡು, ಅದು ಬೆಲ್ಲವೇ, ಇದು ಉಪ್ಪೇ. ಒಂದಕ್ಕೊಂದು ಮಾತಿಲ್ಲ. ನೀರು ಹಾಕು, ಎಲ್ಲವೂ ಕರಗಿ, ಓಡಾಡಿ, ಒಂದನ್ನೊಂದು ಮುಟ್ಟುತ್ತವೆ. ಜೀವ ಎಂದರೆ ಹಾಗೆ ಮುಟ್ಟಿ ಮುಟ್ಟಿ ಆಗುವ ಕೆಲಸವಂತೆ. ನೀರಿನಷ್ಟು ಪದಾರ್ಥ ಕರಗಿಸುವ ದ್ರವ ಸುಲಭಕ್ಕೆ ಇನ್ನೊಂದಿಲ್ಲ.

ಇನ್ನೊಂದು ಸಂಗತಿ ನನಗೆ ತುಂಬ ಹಿಡಿಸಿತು, ಕಲಾಯಿಯವನಿಗೇ ಹೇಳಿದಂತಿದೆ. ಕರಗಿದ ತವರಕ್ಕೆ ಗಟ್ಟಿ ತವರ ಹಾಕಿದರೆ ಮುಳುಗುತ್ತದೆ. ತುಪ್ಪವೂ ಹಾಗೇ. ಆದರೆ ಮಂಡ್ಯದ ಸೋಡಾ ಅಂಗಡಿಯಲ್ಲಿ ನೋಡು, ಐಸು, ಅಂದರೆ ನೀರಿನ ಗಡ್ಡೆ, ನೀರಿನ ಮೇಲೆ ತೇಲುತ್ತದೆ! ಚಳಿ ದೇಶದ ಕೆರೆಗಳು ಮೇಲೆ ಮಾತ್ರ ಹೆಪ್ಪುಗಟ್ಟುವುದು ಅದಕ್ಕೇ. ಅಡಿಯಲ್ಲಿ ಮೀನು ಬದುಕುತ್ತವೆ. ಗಡ್ಡೆ ಮುಳುಗುತ್ತಿದ್ದರೆ ತಳದಿಂದಲೇ ಕಲ್ಲಾಗುತ್ತಾ ಬಂದು ಒಂದು ಮೀನೂ ಉಳಿಯುತ್ತಿರಲಿಲ್ಲವಂತೆ. ಮಂಗಳನ ಎರಡು ತುದಿಯಲ್ಲೂ ಬಿಳಿ ಟೋಪಿ ಇದೆ, ಬೇಸಿಗೆಗೆ ಕುಗ್ಗಿ ಚಳಿಗಾಲಕ್ಕೆ ಹಿಗ್ಗುತ್ತದೆ. ಆದರೆ ಅಲ್ಲಿಂದ ಬರುವ ಬೆಳಕನ್ನು ಜಾಲಾಡಿದವರಿಗೆ ನೀರಾವಿ ಸಿಕ್ಕಿದ್ದು ಸಿಕ್ಕೂ ಸಿಗದಷ್ಟು.

ಕೈ ನೋಡಿಕೋ.

ಜಹಾಂಗೀರ್


ಜೈಲಿನಿಂದ
11-2-1940

ಜಹಾಂಗೀರ,

ನಾನು ಒಂದು ಕೇಳಿದೆ, ನೀನು ಐಸಿನ ಗಡ್ಡೆ ತೇಲುವ ಕಥೆ ಹೇಳಿದೆ. ವಿಚಾರಿಸುತ್ತಿದ್ದಾನಂತೆ! ಹೊನ್ನಕಟ್ಟೆ ಎಷ್ಟು ದೊಡ್ಡ ಊರು, ಮೂರು ತಿಂಗಳು ವಿಚಾರಿಸಲು?

ಇಲ್ಲಿ ನಮ್ಮ ಸಾಲಿನ ಹನ್ನೆರಡು ಜನಕ್ಕೆ ಒಂದು ಮಡಕೆ ನೀರು. ಹೋದ ತಿಂಗಳು ಒಬ್ಬ ಅದರಲ್ಲಿ ಕಾಲು ತೊಳೆದ. ಅವನ ಮುಖವನ್ನು ಗೋಡೆಗೆ ಇಟ್ಟು ಒತ್ತಿದೆ. ನಾಲ್ಕು ಹಲ್ಲು ಉದುರಿದವು, ನಾನೇ ಎಣಿಸಿದೆ. ನನ್ನನ್ನು ಬೇಡಿ ಹಾಕಿ ಹದಿನೈದು ದಿನ ಒಂಟಿ ಕೋಣೆಯಲ್ಲಿಟ್ಟರು. ಅಲ್ಲಿ ಕೂತು ನಿನ್ನ ಮೇಷ್ಟರ ಮಾತು ಯೋಚಿಸಿದೆ. ನೀರಿನಲ್ಲಿ ಎಲ್ಲವೂ ಬಂದು ಮುಟ್ಟುತ್ತವೆ ಎಂದರಲ್ಲ, ಸರಿಯಾಗಿಯೇ ಹೇಳಿದರು. ನಾನು, ನಿಂಗಯ್ಯ, ಗುದ್ದಲಿ ಮೂರೂ ಬೇರೆ ಯಾವ ಜಾಗದಲ್ಲೂ ಸೇರುತ್ತಿರಲಿಲ್ಲ.

ಮಂಚಮ್ಮನ ಕುರಿ ಕುಯ್ದದ್ದು ಕೇಳಿ ನಕ್ಕೆ. ಆಮೇಲೆ ಎರಡು ದಿನ ಅನ್ನ ಸೇರಲಿಲ್ಲ. ಯಾಕೆಂದು ಕೇಳಬೇಡ.

ಪುರಾವೆ ಕಳಿಸು. ಇಲ್ಲದಿದ್ದರೆ ಕಾಗದ ಬೇಡ.

ಮುದ್ದಯ್ಯ


ಮಳವಳ್ಳಿ
8-5-1940

ಮುದ್ದಯ್ಯ,

ಪುರಾವೆ ಸಿಕ್ಕಿಲ್ಲ. ಕಾಗದ ಬೇಡವೆಂದರೂ ಬರೆಯುತ್ತಿದ್ದೇನೆ, ಹರಿದು ಹಾಕುವ ಮುಂಚೆ ಒಳಗಿನ ಪೊಟ್ಟಣ ನೋಡು.

ಹೊನ್ನಕಟ್ಟೆ ಕೆರೆ ಪೂರ್ತಿ ಒಣಗಿದೆ. ತಳಕ್ಕಿಳಿದು ನಡೆದೆ. ನಿಂಗಯ್ಯ ಬಿದ್ದ ಜಾಗದ ಕೆಳಗಿನಿಂದಲೇ ಒಂದು ಹೆಂಟೆ ಎತ್ತಿಕೊಂಡು ಬಂದೆ, ಇಟ್ಟಿಗೆಯಷ್ಟು ಗಟ್ಟಿ. ಅದನ್ನು ಪುಡಿ ಮಾಡಿ ಅರ್ಧವನ್ನು ಗಾಜಿನ ಲೋಟದ ನೀರಿಗೆ ಹಾಕಿದೆ. ಮೊದಲ ದಿನ ಬರೀ ಕೆಸರು. ಎರಡನೆಯ ದಿನವೂ ಕೆಸರು. ಮೂರನೆಯ ದಿನ ಬೆಳಕಿಗೆ ಹಿಡಿದು ನೋಡಿದರೆ ಎಳ್ಳಿಗಿಂತ ಸಣ್ಣವು ಏನೋ ಈಜಾಡುತ್ತಿವೆ! ಕುಲ್ಸುಮಳನ್ನು ಕೂಗಿ ತೋರಿಸಿದೆ. "ಈ ಲೋಟದಲ್ಲಿ ನಾಳೆಯಿಂದ ಟೀ ಕೊಟ್ರೆ ನೋಡಿ" ಎಂದಳು.

ಕಾದು ಬಿರಿದ ಮಣ್ಣಿನಲ್ಲಿ ಮೊಟ್ಟೆಗಳಾಗಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಿದ್ದಿದ್ದವಂತೆ. ಸತ್ತಿರಲಿಲ್ಲ. ಅದಕ್ಕೇ ಮೇಷ್ಟರು ಹೇಳುವುದು, ದೂರದ ನೆಲ ಒಣಗಿ ಕೆಂಪಗೆ ಕಂಡ ಮಾತ್ರಕ್ಕೆ ಅಲ್ಲಿ ಯಾರೂ ಇಲ್ಲ ಎನ್ನಬಾರದು, ಒಂದು ಕಾಲಕ್ಕೆ ನೀರಿತ್ತೇ ಎಂದು ಕೇಳಬೇಕು. ನೀರಿದ್ದರೆ ಜೀವ ಇದ್ದೇ ಇದೆ ಎಂದೂ ಅಲ್ಲ. ಇರಬಹುದು, ಅಷ್ಟೇ. ನೀರಿಲ್ಲದಿದ್ದರೆ ಮಾತ್ರ ಆ 'ಇರಬಹುದು' ಕೂಡ ಇಲ್ಲ.

ಉಳಿದರ್ಧ ನಿನಗೆ. ಪೊಟ್ಟಣದ ಮೇಲೆ ಬರೆದದ್ದನ್ನು ನೋಡಿ ನಗಬೇಡ, ಬರಿಯ ಮಣ್ಣನ್ನು ಜೈಲಿನವರು ಬಿಡಲಾರರು ಎಂದು ಹಾಗೆ ಬರೆದೆ.

ಜಹಾಂಗೀರ್


ಜೈಲಿನಿಂದ
2-7-1940

ಸಾಬರೇ,

ಪೊಟ್ಟಣ ಬಂತು. "ಚಿಕ್ಕರಸಿನಕೆರೆ ದೇವರ ಮೃತ್ತಿಕೆ" ಎಂದು ನಿನ್ನ ಕೈಬರಹ. ನಿನ್ನ ಕಾಗದ ಓದಿದ ಜೈಲರು ನಕ್ಕು ಒಳಗೆ ಬಿಟ್ಟರು, ಓದದ ವಾರ್ಡರು ಒಂದು ಚಿಟಿಕೆ ತನ್ನ ಹಣೆಗೆ ಇಟ್ಟುಕೊಂಡು ಕೊಟ್ಟ. ಕೆರೆಯ ಹುಳುಗಳು ಈಗ ಅವನ ಹಣೆಯ ಮೇಲೂ ಇವೆ, ಬೆವರಿದರೆ ಹುಟ್ಟಿಕೊಳ್ಳಲಿ.

ನೀರು ಹಾಕಿಲ್ಲ. ಹಾಕುವುದಿಲ್ಲ. ಅದು ಎಲ್ಲಿಯ ಮಣ್ಣೆಂದು ಬರೆದುಬಿಟ್ಟೆಯಲ್ಲ ಮಾರಾಯ. ಅಲ್ಲಿಂದ ಏನು ಎದ್ದು ಬರುತ್ತದೋ ನನಗೆ ನೋಡಬೇಕಿಲ್ಲ. ಎಸೆಯಲೂ ಆಗುತ್ತಿಲ್ಲ. ಕಂಬಳಿಯ ಮಡಿಕೆಯಲ್ಲಿ ಇಟ್ಟಿದ್ದೇನೆ.

ಇನ್ನು ನೀನಾಗಿ ಬರೆಯುವವರೆಗೆ ನಾನು ಬರೆಯುವುದಿಲ್ಲ. ಏನು ಬರೆಯಬೇಕೆಂದು ನಿನಗೆ ಗೊತ್ತಿದೆ.

ಮುದ್ದಯ್ಯ


ಮಳವಳ್ಳಿ
12-10-1941

ಮುದ್ದಯ್ಯ,

ಹದಿನೈದು ತಿಂಗಳಾಯಿತು. ಮಂಗಳ ಮತ್ತೆ ಹತ್ತಿರ ಬಂದಿದೆ, ಮಳೆ ನಿಂತು ಆಕಾಶ ತೊಳೆದಿದೆ. ನಾನು ದುರ್ಬೀನು ಹೊರಗೆ ತೆಗೆದಿಲ್ಲ.

ಹೋದ ವಾರ ಮಂಚಮ್ಮ ಅಂಗಡಿಗೆ ಬಂದಳು. ಕೋರ್ಟಿನಲ್ಲಿ ಸಾಕ್ಷಿಯಾಗಿ ಇಟ್ಟುಕೊಂಡಿದ್ದ ಬಟ್ಟಲನ್ನು ಅವಳಿಗೆ ಹಿಂದಿರುಗಿಸಿದ್ದಾರೆ. ಸೆರಗಿನಿಂದ ಬಿಚ್ಚಿ ನನ್ನ ಮುಂದೆ ಇಟ್ಟಳು. ಒಳಗೆ ನೆತ್ತರು ಒಣಗಿ ಕಪ್ಪಗೆ ಅಂಟಿತ್ತು. "ಸಾಬ್ರೆ, ನಿಮ್ತಾವ ಗಡಿಯಾರ ಅದಲ್ಲ, ಇದು ದಿಟ ಏಳ್ತದಾ ಸುಳ್ಳೇಳ್ತದಾ ನೋಡಿ ಏಳಿ. ನನ್ ಗಂಡ ಕಳ್ಳ ಆಗಿದ್ರೆ ಅಂಗೇ ಏಳ್ಬುಡಿ, ನಾನು ಊರು ಬುಟ್ಟೋಯ್ತೀನಿ" ಎಂದಳು. ಅವಳ ಹಣೆಯ ಗಾಯ ಕಣ್ಣಿನ ರೆಪ್ಪೆಯನ್ನು ಎಳೆದು ಹಿಡಿದಿದೆ, ಆ ಕಣ್ಣು ಮುಚ್ಚುವುದೇ ಇಲ್ಲ.

ಬಕೆಟ್ಟಿನಲ್ಲಿ ತೇಲಿಬಿಟ್ಟು ಗಡಿಯಾರ ಹಿಡಿದೆ. ಸರಿಯಾಗಿ ಇಪ್ಪತ್ತನಾಲ್ಕು ನಿಮಿಷ. ನನಗೆ ಮೊದಲೇ ಗೊತ್ತಿತ್ತು. ಹಾಗೆ ಮಾಡಿದವನೇ ನಾನು.

ಈಗ ಕೇಳು. ನಿನ್ನ ಸರದಿಯ ಹಿಂದಿನ ದಿನ ನಿಂಗಯ್ಯ ಆ ಬಟ್ಟಲನ್ನು ನನ್ನ ಹತ್ತಿರ ತಂದಿದ್ದ. ಕಲ್ಲಿನ ಮೇಲೆ ಬಿದ್ದು ತಗ್ಗಾಗಿತ್ತು. ತಗ್ಗು ಎತ್ತಿದೆ, ಕಲಾಯಿ ಹಾಕಿದೆ. ನನ್ನ ಹಾಳು ಚಾಳಿ, ಗಡಿಯಾರಕ್ಕೆ ಹಿಡಿದು ನೋಡಿದೆ. ಇಪ್ಪತ್ತೇಳು ನಿಮಿಷ ತೆಗೆದುಕೊಂಡಿತು. ಪಂಚಾಂಗದ ಪ್ರಕಾರ ಗಳಿಗೆಗೆ ಇಪ್ಪತ್ತನಾಲ್ಕು. ಎಷ್ಟೋ ವರ್ಷಗಳ ಕೆರೆ ನೀರಿನ ಸುಣ್ಣ ಆ ತೂತಿನ ಸುತ್ತ ಕಟ್ಟಿಕೊಂಡಿತ್ತು. ತಪ್ಪು ಹೊತ್ತು ತೋರಿಸುವ ಯಂತ್ರ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ತಂತಿ ಹಾಕಿ ಕೆರೆದು, ಸರಿಯಾಗುವವರೆಗೂ ಕೆರೆದು, ಸರಿಯಾದಾಗ ಹೆಮ್ಮೆಯಿಂದ ಬೀಡಿ ಹಚ್ಚಿದೆ. "ಏನಾರ ಬದಲಾಯ್ಸುದ್ರಾ ಸಾಬ್ರೆ?" ಎಂದು ನಿಂಗಯ್ಯ ಕೇಳಿದ. "ಏನಿಲ್ಲ, ಉಜ್ಜಿದ್ದೀನಿ" ಎಂದೆ.

ಬಟ್ಟಲಿಗೆ ಮೂರು ನಿಮಿಷ ಕಡಿಮೆಯಾಯಿತು. ಎಂಟು ಬಟ್ಟಲಿಗೆ ಇಪ್ಪತ್ತನಾಲ್ಕು. ಲಿಂಗಯ್ಯನಿಗೆ ಹಳೆಯ ಬಟ್ಟಲಿನಲ್ಲಿ ನೀರು ಬಂತು, ನಿನಗೆ ನನ್ನ ಬಟ್ಟಲಿನಲ್ಲಿ. ನಿನ್ನ ಕೊನೆಯ ಮಡಿಯನ್ನು ಒಣಗಿಸಿದವನು ನಾನು. ನಿಂಗಯ್ಯ ಒಂದು ತೊಟ್ಟೂ ಕದಿಯಲಿಲ್ಲ.

ಕೋರ್ಟಿಗೆ ಯಾಕೆ ಬರಲಿಲ್ಲ ಎಂದರೆ, ಹೆದರಿದೆ. ತಿಮ್ಮಯ್ಯನಿಗೆ ಹೆದರಿದೆ, ಅಂಗಡಿ ಮುಚ್ಚೀತೆಂದು ಹೆದರಿದೆ. ಎಲ್ಲಕ್ಕಿಂತ ಹೆಚ್ಚಾಗಿ ನೀನು ಕೊಂದದ್ದು ಏನೂ ಮಾಡದ ಮನುಷ್ಯನನ್ನು ಎಂದು ನಿನಗೆ ಹೇಳಬೇಕಲ್ಲ ಎಂದು ಹೆದರಿದೆ. ಎರಡು ವರ್ಷದಿಂದ ನಿನಗೆ ಆಕಾಶದ ಸುದ್ದಿ ಬರೆಯುತ್ತಿರುವುದು ಅದಕ್ಕೇ. ಮಂಚಮ್ಮನಿಗೂ ಇನ್ನೂ ಹೇಳಿಲ್ಲ. "ಬಟ್ಟಲು ಸರಿಯಾಗಿದೆ" ಎಂದೆ. ಅವಳು ಅಷ್ಟಕ್ಕೇ ಕೈ ಮುಗಿದಳು. ನನಗೆ ಆ ಕೈಗಳನ್ನು ಹಿಡಿದು ನಿಲ್ಲಿಸಲೂ ಆಗಲಿಲ್ಲ.

ಜಹಾಂಗೀರ್


ಜೈಲಿನಿಂದ
30-11-1941

ಜಹಾಂಗೀರ,

ಅಂತೂ ಬರೆದೆ. ಇನ್ನು ನನ್ನ ಸರದಿ.

ನೀನು ಬರೆದದ್ದು ನನಗೆ ಹೊಸದಲ್ಲ. ನಿಂಗಯ್ಯ ಏನೋ ಅಂದ, ಕೇಳಿಸಲಿಲ್ಲ ಎಂದು ಬರೆದಿದ್ದೆನಲ್ಲ. ಸುಳ್ಳು. ಒಂದೊಂದು ಮಾತೂ ಕೇಳಿಸಿತು. ಅವನು ಎದ್ದು ನಿಂತು ಎರಡೂ ಕೈ ಎತ್ತಿ ಹೀಗೆಂದ: "ಬುದ್ದಿ, ನೀರು ಕಮ್ಮಿ ಬಂದದ್ದು ದಿಟ, ಇವತ್ತು ಬಟ್ಟಲು ಬಿರ್ನೆ ಮುಳುಗ್ತಾ ಅದೆ. ಸಾಬ್ರು ಉಜ್ಜವ್ರೆ, ತೂತು ದೊಡ್ಡದಾಗದೆ ಅಂತ ಕಾಣ್ತದೆ. ಒಂದು ಬಟ್ಟಲು ಎಚ್ಗೆ ಬುಡ್ತೀನಿ, ಕೊನೆ ಮಡಿ ತುಂಬ್ಕೊಳ್ಳಿ. ಗುದ್ಲಿ ಕೆಳಕ್ಕೆ ಮಡಗಿ ಬುದ್ದಿ."

ಅಷ್ಟು ಕೇಳಿದ ಮೇಲೆ ಹೊಡೆದೆ.

ಯಾಕೆ ಎಂದರೆ, ಗುದ್ದಲಿ ಆಗಲೇ ಎತ್ತಿದ್ದೆ. ಏರಿಯ ಕೆಳಗೆ ನಾಲ್ಕು ಜನ ನಿಂತು ನೋಡುತ್ತಿದ್ದರು, ಅವರಿಗೆ ಅವನ ಮಾತು ಕೇಳುತ್ತಿರಲಿಲ್ಲ, ನನ್ನ ಕೈ ಕಾಣುತ್ತಿತ್ತು. ಅಲ್ಲದೆ "ಬುಡ್ತೀನಿ" ಎಂದನಲ್ಲ. ನಮ್ಮ ಕೆರೆಯ ನೀರನ್ನು ನನಗೆ ಬಿಡುತ್ತೇನೆ ಎನ್ನಲು ಇವನು ಯಾರು? ನೀರಿಗಾಗಿ ಕೊಂದೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ನೀರನ್ನು ಅವನು ಕೊಟ್ಟುಬಿಟ್ಟಿದ್ದ.

ನಿನ್ನಿಂದ ಪುರಾವೆ ಕೇಳುತ್ತಿದ್ದೆನಲ್ಲ, ಅದೂ ಮೋಸ. ಅವನು ಕಳ್ಳ ಎಂದು ನೀನು ಬರೆದಿದ್ದರೆ ನನ್ನಂಥ ಸುಳ್ಳುಗಾರ ಇನ್ನೊಬ್ಬ ಸಿಕ್ಕಿದ ಎಂದು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ. ನೀನು ಬರೆಯಲಿಲ್ಲ. ಐಸು, ತವರ, ತುಪ್ಪ ಎಂದು ಏನೇನೋ ಬರೆದೆ, ಆ ಸುಳ್ಳೊಂದನ್ನು ಬರೆಯಲಿಲ್ಲ. ಅದಕ್ಕೆ ನಿನ್ನನ್ನು ಕೊಲ್ಲಬೇಕೆನ್ನಿಸುತ್ತಿತ್ತು. ನಿನ್ನ ತಂತಿಯಿಂದ ಮೂರು ನಿಮಿಷ ಹೋಯಿತು, ಅಷ್ಟು ಮಾತ್ರ ನಿನ್ನದು. ಮಿಕ್ಕದ್ದಕ್ಕೆ ಕೈ ಹಾಕಬೇಡ, ಅದು ನನ್ನದು.

ನಿನ್ನ ಕಾಗದ ಬಂದ ದಿನವೇ ಆ ಮಣ್ಣನ್ನು ತಟ್ಟೆಗೆ ಹಾಕಿ, ನನ್ನ ಪಾಲಿನ ಕುಡಿಯುವ ನೀರನ್ನು ಸುರಿದೆ. ಮೂರನೆಯ ದಿನ ಹುಳುಗಳು ಬಂದವು. ನಿಂಗಯ್ಯ ಬಿದ್ದ ಜಾಗದಿಂದ. ಇಡೀ ಸಾಲಿನವರು ಸುತ್ತ ಕೂತು ನೋಡಿದರು. ನಾನು ಹಲ್ಲು ಉದುರಿಸಿದ್ದ ಆ ಮನುಷ್ಯನೂ ನೋಡಿದ, ಮಾರನೆಯ ದಿನ ಅವನ ಪಾಲಿನ ನೀರಿನಲ್ಲೂ ಸ್ವಲ್ಪ ತಂದು ಹಾಕಿದ. ನಾನು ಎಲ್ಲರೆದುರಿಗೂ ಅತ್ತೆ, ನಾಚಿಕೆ ಬಿಟ್ಟು.

ಇದರ ಜೊತೆಗಿರುವ ಇನ್ನೊಂದು ಹಾಳೆಯಲ್ಲಿ ನಿಂಗಯ್ಯನ ಕೊನೆಯ ಮಾತುಗಳನ್ನು, ನಾನು ಹೊಡೆದದ್ದನ್ನು ಬರೆದು ರುಜು ಹಾಕಿದ್ದೇನೆ. ಊರೆಲ್ಲ ಸೇರುವ ಸೋಮವಾರ, ಕೆರೆ ಏರಿಯ ಮೇಲೆ, ಮಂಚಮ್ಮನನ್ನು ಮುಂದೆ ಕೂರಿಸಿಕೊಂಡು ಗಟ್ಟಿಯಾಗಿ ಓದು. ನಿನ್ನ ತಂತಿಯ ಸಂಗತಿಯನ್ನೂ ನೀನೇ ಹೇಳು. ತಿಮ್ಮಯ್ಯ ಹೊಡೆಯುತ್ತಾನೆ. ನಮ್ಮ ಮನೆಯ ಕೈ ನನಗೆ ಗೊತ್ತು. ಓದಿ ಮುಗಿಸುವವರೆಗೆ ಬೀಳಬೇಡ.

ಮುದ್ದಯ್ಯ


ಮಳವಳ್ಳಿ
20-4-1942

ಮುದ್ದಯ್ಯ,

ಓದಿ ಮುಗಿಸುವವರೆಗೆ ಬೀಳಲಿಲ್ಲ.

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕಾಗೆ ಕಾಲಿನಂತಿದ್ದರೆ ಅದು ಕಾರಣ. ಅದಕ್ಕೇ ಇಷ್ಟು ದಿನವೂ ಆಯಿತು. "ಕೇಳಿದ ಮೇಲೆ ಹೊಡೆದೆ" ಎಂಬ ಸಾಲು ಬಂದಾಗ ತಿಮ್ಮಯ್ಯ ಎದ್ದ. "ನಮ್ಮಣ್ಣನ ಎಸರಲ್ಲಿ ಸಾಬಿ ಕಾಗ್ದ ಉಟ್ಟಿಸ್ಕೊಂಡು ಬಂದವ್ನೆ" ಎಂದು ದೊಣ್ಣೆ ಬೀಸಿದ. ಮೊದಲ ಏಟಿಗೆ ಪಕ್ಕೆ ಹೋಯಿತು. ಎರಡೂ ಮೊಣಕಾಲ ಮೇಲೆ ಕೂತು ಉಳಿದದ್ದನ್ನು ಓದಿದೆ. ನಿನ್ನ ರುಜುವನ್ನು ಎಲ್ಲರಿಗೂ ತೋರಿಸಿ, ನನ್ನ ತಂತಿಯ ಸಂಗತಿಯನ್ನೂ ಹೇಳಿದೆ. ಆಮೇಲೆ ಅವನು ನನ್ನ ಬಲಗೈಯನ್ನು ತೂಬಿನ ಕಲ್ಲಿನ ಮೇಲೆ ಇಟ್ಟು ಬೆರಳುಗಳನ್ನು ಜಜ್ಜಿದ. ತಂತಿ ಹಿಡಿದ ಕೈ ಇದೇ ಅಲ್ಲವೇ ಎಂದು ಕೇಳಿಕೊಂಡೇ ಜಜ್ಜಿದ. ಹೌದು ಎಂದೆ. ಜನ ಅವನನ್ನು ಎಳೆಯುವಷ್ಟರಲ್ಲಿ ಮೂರು ಬೆರಳು ಮುಗಿದಿತ್ತು. ಗಡಿಯಾರದ ಕೆಲಸ ಇನ್ನಿಲ್ಲ. ಕಲಾಯಿಯನ್ನು ಕುಲ್ಸುಮ್ ಕಲಿಯುತ್ತಿದ್ದಾಳೆ, ನನಗಿಂತ ಚೆನ್ನಾಗಿ ಉಜ್ಜುತ್ತಾಳೆ, ಬೈಗುಳ ಮಾತ್ರ ಜೊತೆಗೇ.

ಮಂಚಮ್ಮ ಅಷ್ಟು ಹೊತ್ತೂ ಅಲುಗಾಡದೆ ಕೂತಿದ್ದಳು. ಗಲಾಟೆ ನಿಂತ ಮೇಲೆ ನನ್ನ ಹತ್ತಿರ ಬಂದು ಕೇಳಿದ್ದು ಒಂದೇ: "ಸಾಬ್ರೆ, ಒಂದು ಬಟ್ಟಲು ಎಚ್ಗೆ ಬುಡ್ತೀನಿ ಅಂದಿದ್ರಾ ಅವ್ರು? ಇನ್ನೊಂದ್ಸಲ ಓದಿ." ಓದಿದೆ. ನಾಲ್ಕು ವರ್ಷದಲ್ಲಿ ಅವಳು ಅತ್ತದ್ದನ್ನು ಊರು ಅವತ್ತೇ ನೋಡಿದ್ದು. ಗಂಡ ಕೊನೆಗೆ ಏನೆಂದ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಗೊತ್ತಿದ್ದವನು ನೀನೊಬ್ಬನೇ.

ಊರಿನವರು ತಲೆ ಬಗ್ಗಿಸಿಕೊಂಡು ನೀರುಗಂಟಿ ಕೆಲಸವನ್ನು ಆ ಮನೆಗೇ ವಾಪಸು ಕೊಟ್ಟರು. ಹೆಂಗಸು ತೂಬು ಎತ್ತುವುದುಂಟೇ ಎಂದು ಲಿಂಗಯ್ಯ ಗೊಣಗಿದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಟ್ಟಲನ್ನು ಮೊದಲಿನಂತೆ ಮಾಡಿಕೊಡಿ ಎಂದು ಅವಳು ಕೇಳಿದಳು. ಆಗದಮ್ಮ, ಆ ಸುಣ್ಣವನ್ನು ಕೆರೆ ನೀರೇ ಕಟ್ಟಬೇಕು, ಅಷ್ಟು ಹೊತ್ತಿಗೆ ನಾವಿಬ್ಬರೂ ಇರುವುದಿಲ್ಲ ಎಂದೆ. ಸರಿ ಎಂದು ಹಾಗೇ ತೆಗೆದುಕೊಂಡು ಹೋದಳು. ಈಗ ಎಲ್ಲರಿಗೂ ಒಂಬತ್ತು ಬಟ್ಟಲು.

ಇದೇ ಹೋದ ಗುರುವಾರ ನಿಮ್ಮ ಗದ್ದೆಯ ಸರದಿ. ನಾನು ಗಾಡಿಯಲ್ಲಿ ಹೋಗಿ ಏರಿಯ ಮೇಲೆ ಕೂತಿದ್ದೆ. ತಿಮ್ಮಯ್ಯ ಗುದ್ದಲಿ ಹೆಗಲ ಮೇಲಿಟ್ಟುಕೊಂಡು, ಅವತ್ತು ನೀನು ನಿಂತಿದ್ದ ಜಾಗದಲ್ಲೇ ನಿಂತಿದ್ದ. ಮಂಚಮ್ಮ ಒಂಬತ್ತು ಸಲ ಬಟ್ಟಲು ತೇಲಿಬಿಟ್ಟು ಒಂಬತ್ತು ಕಲ್ಲು ಇಟ್ಟಳು. ಕೊನೆಯ ಮಡಿ ತುಂಬಿತು. ಅವಳು ತೂಬು ಮುಚ್ಚಲಿಲ್ಲ. ಬಟ್ಟಲನ್ನು ನೀರಿನಿಂದ ತೆಗೆದು ಮತ್ತೆ ತೇಲಿಬಿಟ್ಟಳು.

"ಮುಗೀತಲ್ಲಮ್ಮ, ಇದ್ಯಾತಕ್ಕೆ?" ಎಂದು ತಿಮ್ಮಯ್ಯ ಕೂಗಿದ.

"ಇದು ನಿಮ್ಮಣ್ಣಂದು" ಎಂದಳು. "ನನ್ ಗಂಡ ಬುಡ್ತೀನಿ ಅಂದಿದ್ರು. ಬುಡೋಕೆ ನೀವು ಬುಡ್ಲಿಲ್ಲ."

ತಿಮ್ಮಯ್ಯ ಬೇಡ ಎಂದ. ಕೈ ಮುಗಿದು ಬೇಡ ಎಂದ. ಅವಳು ಆ ಮುಚ್ಚದ ಕಣ್ಣಿನಲ್ಲಿ ಬಟ್ಟಲನ್ನೇ ನೋಡುತ್ತಾ ಕೂತಿದ್ದಳು. ಇಪ್ಪತ್ತನಾಲ್ಕು ನಿಮಿಷ ಆ ನೀರು ಕಾಲುವೆಯಲ್ಲಿ ಹರಿಯಿತು, ನಿನ್ನ ತಮ್ಮ ಅದರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಮುಖ ಮುಚ್ಚಿಕೊಂಡಿದ್ದ. ಬಟ್ಟಲು ಮುಳುಗಿತು. ಅವಳು ಹತ್ತನೆಯ ಕಲ್ಲು ಇಟ್ಟು, ಎದ್ದು, ತೂಬು ಮುಚ್ಚಿದಳು.

ನಿನ್ನ ಕೊನೆಯ ಮಡಿ ತುಂಬಿ ಬದುವಿನ ಮೇಲೆ ಹರಿದಿದೆ ಎಂದು ನಿನಗೆ ತಿಳಿಸಲು ಹೇಳಿದ್ದಾಳೆ.

ಜಹಾಂಗೀರ್